ಧರ್ಮಕಾಂಟಾದ ಮೇಲೆ ಜಿಪ್ಸಿ

ಬೀದರ್‌ನಿಂದ ಔರಾದ್ ಕಡೆಗೆ ಹೊರಟವರಿಗೆ ಊರು ದಾಟಿದ ಸ್ವಲ್ಪ ಹೊತ್ತಿಗೇ ಒಂದು ಸೋಜಿಗ ಕಾಣುತ್ತದೆ. ಅಲ್ಲಿಯವರೆಗೆ ಕುಂಕುಮದಂತೆ ಕೆಂಪಗಿದ್ದ ನೆಲ, ರಸ್ತೆ ಇಳಿಜಾರಿಗೆ ಬಿದ್ದಂತೆ ಕಾಡಿಗೆಯ ಬಣ್ಣಕ್ಕೆ ತಿರುಗುತ್ತದೆ. ಮೇಲಿನದು ಜಂಬಿಟ್ಟಿಗೆಯ ಪ್ರಸ್ಥಭೂಮಿ. ಬೀದರ್ ನಗರ ಸಮುದ್ರಮಟ್ಟದಿಂದ 2,200 ಅಡಿಗೂ ಮೇಲೆ ಈ ಕೆಂಪು ಕಲ್ಲಿನ ಹಾಸಿನ ಮೇಲೆ ಕೂತಿದೆ. ಕೆಳಗಿನದು ಎರೆಭೂಮಿ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಗಟ್ಟಿಯಾಗಿ ಕರಿಕಲ್ಲಾಯಿತು. ಆ ಕಲ್ಲು ಸವೆದು ಈ ಮಣ್ಣಾಯಿತು. ಜಂಬಿಟ್ಟಿಗೆಯೂ ಅದೇ ಕಲ್ಲಿನ ಮಗು. ಮಳೆ ಬಿಸಿಲಿಗೆ ಸಿಕ್ಕಿ ಉಳಿದದ್ದೆಲ್ಲ ಕರಗಿ ಹೋದ ಮೇಲೆ ಕಬ್ಬಿಣ, ಅಲ್ಯೂಮಿನಿಯಮ್ಮಿನ ಅಂಶ ಉಳಿದು ಕೆಂಪಾಯಿತು.

ಇದನ್ನೆಲ್ಲ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಮಣ್ಣು ಬದಲಾದಲ್ಲಿ ಗಾಡಿ ಹೇರುವ ಬುದ್ಧಿಯೂ ಬದಲಾಗಬೇಕು ಎಂಬುದು ತಿಳಿದದ್ದು ಐವತ್ತು ದಾಟಿದ ಮೇಲೆ, ಭಾಲ್ಕಿ ತಾಲ್ಲೂಕಿನ ಒಂದು ಹೊಲದ ಬದುವಿನ ಮೇಲೆ.

ಸಾಲದ ಕಂತು ಮುಗಿದ ವರ್ಷ ಹಳೆಯದೊಂದು ಜಿಪ್ಸಿ ಕೊಂಡೆ. ಮಾರುತಿ ಕಂಪನಿ 1985ರಲ್ಲಿ ರಸ್ತೆಗಿಳಿಸಿದ ಈ ಗಾಡಿಯ ತಯಾರಿಕೆ ಈಗ ನಿಂತಿದೆ. ಅದೇ ವಂಶದ ಜಿಮ್ನಿ 2023ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತು. ಆದರೂ ಜಿಪ್ಸಿಯ ಮೇಲಿನ ಮೋಹ ಕೆಲವರಿಗೆ ಹೋಗಿಲ್ಲ. ಆ ಕೆಲವರಲ್ಲಿ ನಾನೂ ಒಬ್ಬ. ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ನೆಲದಿಂದ ಇಪ್ಪತ್ತೊಂದು ಸೆಂಟಿಮೀಟರ್ ಎತ್ತರದ ಹೊಟ್ಟೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಖಾಲಿ ಗಾಡಿಯ ತೂಕ ಸಾವಿರ ಕಿಲೋದ ಆಸುಪಾಸು. ಇದರಲ್ಲಿ ಸಾಮಾನು ಹೇರಿಕೊಂಡು, ಹೋದಲ್ಲಿ ಡೇರೆ ಹಾಕಿ, ಅಡಿಗೆ ಮಾಡಿಕೊಂಡು, ನಕ್ಷತ್ರ ನೋಡುತ್ತ ಮಲಗಿ ಬರುವುದು ನನ್ನ ಬಹು ದಿನಗಳ ಆಸೆ.

ಮನೆಯೇ ಹೊರಟಿತು

ಮೊದಲ ಸಲ ಹೊರಟವರು ಮೂವರು: ನಾನು, ನಮ್ಮ ಶಾಲೆಯ ಗಣಿತದ ಮಾಸ್ತರು, ನನ್ನ ಹೆಂಡತಿಯ ತಮ್ಮ. ಎರಡು ರಾತ್ರಿಯ ಪ್ರವಾಸ. ಬೇಕಾದೀತು ಎಂಬ ಒಂದೇ ಮಾತಿಗೆ ಜೋತುಬಿದ್ದು ತುಂಬಿದ ಸಾಮಾನು ನೋಡಿ ನೆರೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಮಡಿಚುವ ಮಂಚ ಮೂರು, ಮೇಜು, ಕುರ್ಚಿ, ದೀಪಕ್ಕೆಂದು ಬೇರೊಂದು ಬ್ಯಾಟರಿ, ಹೆಚ್ಚಿನದೊಂದು ಟೈರು, ಇಪ್ಪತ್ತು ಲೀಟರಿನ ಮೂರು ನೀರಿನ ಕ್ಯಾನು, ಮದುವೆ ಮನೆಗಾಗುವಷ್ಟು ಪಾತ್ರೆ. ಒಳಗೆ ಹಿಡಿಸದ್ದನ್ನು ಛಾವಣಿಯ ಕ್ಯಾರಿಯರ್ ಮೇಲೆ ಹಾಕಿ, ತಾಡಪತ್ರಿ ಮುಚ್ಚಿ, ಹಗ್ಗ ಬಿಗಿದೆವು. ನೀರಿನ ಕ್ಯಾನುಗಳೂ ಮೇಲೆಯೇ ಹೋದವು. ಗ್ಯಾಸಿನ ಚಿಕ್ಕ ಸಿಲಿಂಡರ್ ಹಿಂದಿನ ಬೆಂಚಿನ ಬಳಿ ನಿಂತಿತು. ರೆಗ್ಯುಲೇಟರ್ ಬಿಚ್ಚಿಡುವ ತೊಂದರೆ ಏಕೆ ಎಂದು ಹಾಗೆಯೇ ಬಿಟ್ಟಿದ್ದೆ.

ಡಾಂಬರು ರಸ್ತೆಯಲ್ಲಿ ಯಾವ ತಕರಾರೂ ಇರಲಿಲ್ಲ. ಭಾಲ್ಕಿ ದಾಟಿ, ಹೊಲದ ದಾರಿ ಹಿಡಿದಾಗ ಸಂಜೆ. ಮರುದಿನ ಎಳ್ಳ ಅಮಾವಾಸ್ಯೆ. ಎರಡೂ ಕಡೆ ಜೋಳ ತೆನೆ ಹಿರಿದು ನಿಂತಿತ್ತು. ಪಕ್ಕದ ಕಬ್ಬಿನ ಹೊಲಕ್ಕೆ ಬಿಟ್ಟ ನೀರು ದಾರಿಗೂ ಹರಿದಿತ್ತು. ಎರೆಮಣ್ಣಿನ ಗುಣ ಈ ಕಡೆಯವರಿಗೆ ಹೇಳಬೇಕಿಲ್ಲ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕು ಉಬ್ಬುತ್ತವೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ನೆಲ, ಒದ್ದೆಯಾದರೆ ಬೆಣ್ಣೆ. ಬದುವನ್ನು ಓರೆಯಾಗಿ ಹತ್ತುವಾಗ ಎಡಗಡೆಯ ಎರಡು ಚಕ್ರ ಹೂತವು. ಗಾಡಿ ಎಡಕ್ಕೆ ವಾಲಿತು. ಮೇಲಿನ ಹಗ್ಗ ಸಡಿಲಿ ನೀರಿನ ಕ್ಯಾನುಗಳು ವಾಲಿದ ಕಡೆಗೇ ಜಾರಿದವು. ಗಾಡಿ ಇನ್ನಷ್ಟು ವಾಲಿತು. ಒಂದು ಕ್ಷಣ ಮೂವರೂ ಉಸಿರು ಬಿಡಲಿಲ್ಲ.

ಬಲಗಡೆಯ ಬಾಗಿಲಿನಿಂದ ಮೆಲ್ಲನೆ ಇಳಿದೆವು. ಗಣಿತದ ಮಾಸ್ತರ ಮೊಣಕಾಲಿಗೆ ಪಾತ್ರೆಯ ಪೆಟ್ಟಿಗೆ ಬಡಿದಿತ್ತು. ನನ್ನ ಭಾವಮೈದುನ ಕೈ ನಡುಗುವುದನ್ನು ನಿಲ್ಲಿಸಲು ಬೀಡಿ ತೆಗೆದು ಕಡ್ಡಿಪೆಟ್ಟಿಗೆ ಹುಡುಕಿದ. ಆಗ ನನ್ನ ಮೂಗಿಗೆ ಕೊಳೆತ ಎಲೆಕೋಸಿನಂಥ ವಾಸನೆ ಬಡಿಯಿತು. ಸಿಲಿಂಡರ್ ಉರುಳಿ ಅದರ ಗುಂಡಿ ತಿರುಗಿತ್ತು. "ಕಡ್ಡಿ ಗೀರಬ್ಯಾಡ!" ಎಂದು ಕೂಗಿದ ದನಿ ನನ್ನದೇ ಎಂದು ನನಗೇ ಅನಿಸಲಿಲ್ಲ. ಮೂವರೂ ಗಾಳಿ ಬರುವ ದಿಕ್ಕಿಗೆ ಓಡಿದೆವು. ಗಾಳಿ ಚೆನ್ನಾಗಿ ಬೀಸಿ ವಾಸನೆ ಕಡಿಮೆಯಾಗುವವರೆಗೆ ಕಾದು, ನಾನೊಬ್ಬನೇ ಹೋಗಿ ಹಿಂದಿನ ಬಾಗಿಲು ತೆರೆದು ಗುಂಡಿ ಮುಚ್ಚಿದೆ.

ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ತಳದಲ್ಲೇ ಮಡುಗಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಎಚ್ಚರಿಕೆಗೆಂದೇ ನಾರುವ ವಸ್ತು ಬೆರೆಸುತ್ತಾರೆ. ಇಷ್ಟನ್ನೂ ಪ್ರತಿ ವರ್ಷ ಹಲಗೆಯ ಮೇಲೆ ಬರೆಯುವ ನಾನು, ರೆಗ್ಯುಲೇಟರ್ ಬಿಚ್ಚುವ ಅರ್ಧ ನಿಮಿಷದ ಕೆಲಸಕ್ಕೆ ಬೇಸರಪಟ್ಟಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಚ್ಚಿನ ಮೇಲಿನ ಭಾರ

ನಮ್ಮನ್ನು ಎಳೆದು ಹಾಕಿದ್ದು ಆ ಹೊಲದ ಒಡೆಯರಾದ ಹಿರಿಯರು, ತಮ್ಮ ಜೋಡಿ ಎತ್ತಿನಿಂದ. ಬಂದವರು ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ಏನ್ರಿ ಮಾಸ್ತರ, ಮನಿ ಬದಲಿ ಮಾಡ್ಲಾಕತ್ತೀರೇನು?"

"ಇಲ್ರಿ ಕಾಕಾ, ಎರಡ ದಿನ ತಿರಗಾಡ್ಲಾಕ ಬಂದೀವಿ."

"ಎರಡ ದಿನಕ್ಕ ಇಷ್ಟಾ?" ಎಂದು ನಕ್ಕು, ಮೊದಲು ಛಾವಣಿಯ ಸಾಮಾನು ಇಳಿಸಿರೆಂದರು. ಇಳಿಸುತ್ತಿದ್ದಂತೆ ಗಾಡಿ ತಾನಾಗಿಯೇ ಒಂದಿಷ್ಟು ನೆಟ್ಟಗಾಯಿತು. ಎತ್ತು ಕಟ್ಟುವಾಗ ಅವರು ಹೇಳಿದ ಮಾತು ನನ್ನ ಭೌತಶಾಸ್ತ್ರದ ಇಡೀ ಒಂದು ಅಧ್ಯಾಯ: "ಬಂಡಿಗಿ ಭಾರ ಅಚ್ಚಿನ ಮ್ಯಾಲ ಇರಬೇಕ್ರಿ, ತೆಲಿ ಮ್ಯಾಲ ಅಲ್ಲ. ಮುಂದ ಹೆಚ್ಚಾದ್ರ ಎತ್ತಿನ ಹೆಗಲಿಗಿ ಪೆಟ್ಟು, ಹಿಂದ ಹೆಚ್ಚಾದ್ರ ನೊಗಾನೇ ಮ್ಯಾಲೇಳ್ತದ."

ಮರುದಿನ ಅವರದೇ ಹೊಲದಲ್ಲಿ ಎಳ್ಳ ಅಮಾವಾಸ್ಯೆಯ ಊಟ. ಬೀದರ್, ಕಲಬುರಗಿ ಕಡೆಗೆ ಇದು ದೊಡ್ಡ ಹಬ್ಬ. ಮನೆಮಂದಿಯೆಲ್ಲ ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಮರದ ನೆರಳಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಭಜ್ಜಿಯೆಂದರೆ ಕರಿದ ತಿಂಡಿಯಲ್ಲ. ಹಸಿ ಕಾಳು, ತರಕಾರಿ, ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಪಲ್ಯ. ಒಂದು ಬಂಡಿಯಲ್ಲಿ ಹತ್ತು ಜನ, ಅವರ ಊಟ, ನೀರಿನ ಕೊಡ, ಹಾಸುವ ಕಂಬಳಿ, ದನದ ಮೇವು ಎಲ್ಲ ಬಂದಿತ್ತು. ಒಂದು ಕೊಡವೂ ತುಳುಕಿರಲಿಲ್ಲ. ಭಾರದ ಕೊಡಗಳು ಅಚ್ಚಿನ ನೇರಕ್ಕೆ ತಳದಲ್ಲಿ, ಸುತ್ತ ಹುಲ್ಲು. ರೊಟ್ಟಿಯ ಬುಟ್ಟಿ ಹೆಂಗಸರ ತೊಡೆಯ ಮೇಲೆ. ಬಯಲಲ್ಲಿ ವಾಸಕ್ಕೆ ಗಾಡಿ ಹೇರುವ ವಿದ್ಯೆ ಕಲಿಯಲು ನಾನು ಎಲ್ಲೆಲ್ಲಿಯೋ ಹುಡುಕಿದ್ದೆ. ಅದು ನಮ್ಮ ಹಬ್ಬದ ಬಂಡಿಯಲ್ಲೇ ಇತ್ತು.

ತೂಕದ ಲೆಕ್ಕ

ಊರಿಗೆ ಮರಳಿದವನೇ ಸಾಮಾನು ಇಳಿಸದೆ ಜಿಪ್ಸಿಯನ್ನು ಧರ್ಮಕಾಂಟಾಕ್ಕೆ ಒಯ್ದೆ. ತೊಗರಿ, ಕಬ್ಬಿನ ಲಾರಿಗಳ ಸಾಲಿನಲ್ಲಿ ನಿಂತ ನನ್ನನ್ನು ಕಂಡು ಚೀಟಿ ಬರೆಯುವ ಹುಡುಗ ನಕ್ಕ. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ಹಲಗೆಯ ಮೇಲೆ ನಿಲ್ಲಿಸಿ ತೂಗಿಸಿದೆ. ಇದರಿಂದ ಯಾವ ಅಚ್ಚಿನ ಮೇಲೆ ಎಷ್ಟು ಭಾರವೆಂದು ತಿಳಿಯುತ್ತದೆ. ಹೇರಿದ್ದೆಲ್ಲ ಹಿಂದಿನ ಅಚ್ಚಿನ ಮೇಲೇ ಬಿದ್ದಿತ್ತು. ಹಾಗಾದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಕಾಕಾ ಹೇಳಿದ ನೊಗ ಮೇಲೇಳುವ ಕಥೆಯೇ. ನಂತರ ಮನೆಯಲ್ಲಿ ಒಂದೊಂದನ್ನೇ ತಕ್ಕಡಿಗೆ ಹಾಕಿದೆ. ಮೂವರ ತೂಕ ಬಿಟ್ಟು ಬರೀ ಸಾಮಾನು 290 ಕಿಲೋ!

ಛಾವಣಿಯ ಲೆಕ್ಕ ಬೇರೆ ಮಾಡಿದೆ. 60 ಕಿಲೋ ನೀರನ್ನು ನೆಲಮಟ್ಟದಿಂದ ಛಾವಣಿಗೆ, ಅಂದರೆ ಸುಮಾರು 130 ಸೆಂಟಿಮೀಟರ್ ಮೇಲಕ್ಕೆ ಒಯ್ದರೆ, 1,500 ಕಿಲೋ ಗಾಡಿಯ ಗುರುತ್ವಕೇಂದ್ರ ಐದು ಸೆಂಟಿಮೀಟರಿನಷ್ಟು ಏರುತ್ತದೆ. ಐದೇ ತಾನೆ ಎನ್ನಬೇಡಿ. ಜಿಪ್ಸಿಯ ಎಡಬಲ ಚಕ್ರಗಳ ನಡುವಿನ ಅಂತರ 130 ಸೆಂಟಿಮೀಟರ್ ಮಾತ್ರ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಗೆರೆ ಆ ಅಂತರದೊಳಗೆ ಇರುವವರೆಗೆ ಮಾತ್ರ ಗಾಡಿ ನಿಲ್ಲುತ್ತದೆ. ಓರೆ ನೆಲದಲ್ಲಿ ಆ ಗೆರೆ ಮೊದಲೇ ಅಂಚಿಗೆ ಸರಿದಿರುತ್ತದೆ. ಮೇಲಿನ ಭಾರ ಜಾರಿದರೆ ಉಳಿದ ಕೆಲಸ ಮುಗಿಯುತ್ತದೆ.

ಮಂಚ, ಮೇಜು, ಕುರ್ಚಿ, ಬ್ಯಾಟರಿ, ಎರಡನೇ ಟೈರು, ಹೆಚ್ಚಿನ ಪಾತ್ರೆ, ಒಂದು ಕ್ಯಾನು ನೀರು ಇಷ್ಟನ್ನು ಕೈಬಿಟ್ಟೆ. 127 ಕಿಲೋ ಇಳಿಯಿತು. ಉಳಿದ 163ರ ಲೆಕ್ಕ ಹೀಗೆ: ನೀರು 40, ಜಾಕು ಹಾಗೂ ಸಲಕರಣೆ 30, ಅಡಿಗೆಯ ಸಾಮಾನು ಸಿಲಿಂಡರ್ ಸೇರಿ 25, ಹಾಸಿಗೆ ಹೊದಿಕೆ 18, ಡೇರೆ ತಾಡಪತ್ರಿ 15, ದಿನಸಿ 15, ಬಟ್ಟೆ 15, ಔಷಧಿ ಬ್ಯಾಟರಿ ದೀಪ 5. ಛಾವಣಿಯ ಕ್ಯಾರಿಯರ್ ಬಿಚ್ಚಿ ಅಟ್ಟಕ್ಕೆ ಹಾಕಿದೆ.

ನೀರಿನ ಲೆಕ್ಕ ಸರಳ. ಕುಡಿಯಲು, ಅಡಿಗೆಗೆ, ಕೈಬಾಯಿಗೆ ಸೇರಿ ಒಬ್ಬರಿಗೆ ದಿನಕ್ಕೆ ಐದು ಲೀಟರ್. ಮೂವರಿಗೆ ಎರಡು ದಿನಕ್ಕೆ ಮೂವತ್ತು, ಆಪತ್ತಿಗೆ ಹತ್ತು. ದೊಡ್ಡ ಕ್ಯಾನಿಗಿಂತ ಹತ್ತು ಲೀಟರಿನ ನಾಲ್ಕು ಒಳ್ಳೆಯದು. ಒಂದು ಸೋರಿದರೆ ಮೂರು ಉಳಿಯುತ್ತವೆ, ಖಾಲಿಯಾದದ್ದು ಪೂರ್ತಿ ಖಾಲಿಯಾಗುತ್ತದೆ. ಅರ್ಧ ತುಂಬಿದ ದೊಡ್ಡ ಪಾತ್ರೆಯ ನೀರು ತಿರುವಿನಲ್ಲಿ ತುಳುಕಿ ಗಾಡಿಯನ್ನೇ ಜಗ್ಗುತ್ತದೆ.

ಹೇರುವ ಕ್ರಮವೂ ಬದಲಾಯಿತು. ನೀರು, ಸಲಕರಣೆಯ ಪೆಟ್ಟಿಗೆ ತಳದಲ್ಲಿ, ಮುಂದಿನ ಆಸನದ ಬೆನ್ನಿಗೆ ಒತ್ತಿ, ಎರಡೂ ಅಚ್ಚುಗಳ ನಡುವೆ. ಹಾಸಿಗೆ, ಬಟ್ಟೆ ಮೇಲೆ. ಡೇರೆ ಮತ್ತು ತಾಡಪತ್ರಿ ಹಿಂಬಾಗಿಲ ಬಳಿ, ಮೊದಲು ಬೇಕಾಗುವುದು ಅದೇ. ಸಿಲಿಂಡರ್ ನೆಟ್ಟಗೆ, ಪಟ್ಟಿ ಬಿಗಿದು, ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಕಿಟಕಿ ತೆರೆದು. ಡೇರೆಯೊಳಗೆ ಒಲೆ ಹಚ್ಚುವುದಿಲ್ಲವೆಂಬುದು ಈಗ ನಮ್ಮ ಶಾಸನ. ಹಗ್ಗ ಸಡಿಲಾಯಿತೇ ಎಂದು ಡಾಂಬರು ಬಿಟ್ಟ ಕೂಡಲೇ ಒಮ್ಮೆ ಇಳಿದು ನೋಡುತ್ತೇವೆ. ಹಾಗೆಂದು ಗಾಡಿಯ ಮೈ ಕೊರೆದು ಬೇರೆ ರೂಪ ಕೊಡಲು ಹೋಗಬೇಡಿ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ಅದಕ್ಕೆ ಅಡ್ಡ ಬರುತ್ತದೆ.

ಎರೆಭೂಮಿಗೆಂದೇ ಒಯ್ಯಬೇಕಾದವು ನಾಲ್ಕು. ಒಂದಡಿ ಚೌಕದ ದಪ್ಪ ಹಲಗೆ, ಅದಿಲ್ಲದಿದ್ದರೆ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ನೆಲಕ್ಕಿಳಿಯುತ್ತದೆ. ಚಕ್ರದ ಕೆಳಗೆ ಹಾಸಲು ಗೋಣಿಚೀಲ. ಸಲಿಕೆ. ಗಾಳಿ ಹಾಕುವ ಪಂಪು: ಮೆತ್ತನೆಯ ನೆಲದಲ್ಲಿ ಟೈರಿನ ಗಾಳಿ ಮೂರರಲ್ಲೊಂದು ಪಾಲು ಇಳಿಸಿದರೆ ಟೈರು ಅಗಲವಾಗಿ ಊರುತ್ತದೆ. ಡಾಂಬರಿಗೆ ಬಂದೊಡನೆ ಮತ್ತೆ ತುಂಬಬೇಕು. ಮಳೆ ಬಿದ್ದ ದಿನ ಮಾತ್ರ ಇವಾವುವೂ ಸಾಲವು. ಅಂದು ಎರೆಯ ದಾರಿಗೆ ಇಳಿಯದಿರುವುದೇ ಜಾಣತನ.

ಮತ್ತೊಂದು ಅಮಾವಾಸ್ಯೆ

ಮರುವರ್ಷ ಅದೇ ಮೂವರು ಹೊರಟೆವು. ನೌಬಾದಿನ ಸುರಂಗ ಬಾವಿಯನ್ನೂ ನರಸಿಂಹ ಝರಣಿಯನ್ನೂ ಮೊದಲು ನೋಡಿದೆವು. ಜಂಬಿಟ್ಟಿಗೆ ಹೀರಿದ ಮಳೆನೀರು ಕೆಳಗಿನ ಗಟ್ಟಿ ಪದರ ತಲುಪಿ, ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಬಹಮನಿ ಕಾಲದವರು ಅದೇ ಗುಟ್ಟು ಹಿಡಿದು ನೆಲದೊಳಗೆ ಕಾಲುವೆ ತೋಡಿದರು. ಅಷ್ಟೂರಿನ ಗುಮ್ಮಟಗಳನ್ನು ನೋಡಿ, ಇಳಿಜಾರು ಇಳಿದು, ಕೌಠಾದ ಬಳಿ ಮಾಂಜ್ರಾ ದಾಟಿ ಔರಾದಿಗೆ. ಅಮರೇಶ್ವರನ ಜಾತ್ರೆಯ ದನಗಳಿಗೆ ಹೆಸರಾದ ಊರು. ದಾರಿಯುದ್ದಕ್ಕೂ ದೇವಣಿ ತಳಿಯ ದನಗಳು; ಬಿಳಿಯ ಮೈಮೇಲೆ ಕರಿ ಮಚ್ಚೆಯ ಶೇವೇರಾ ಎತ್ತುಗಳ ಚೆಲುವನ್ನು ನಿಂತು ನೋಡಬೇಕು.

ಕಟಾವಾದ ಹೊಲದಲ್ಲಿ, ಒಡೆಯರನ್ನು ಕೇಳಿಯೇ, ಡೇರೆ ಹಾಕಿದೆವು. ಸ್ಮಾರಕದ ಆವರಣ, ಕಾದಿಟ್ಟ ಅರಣ್ಯ ನಮ್ಮ ಡೇರೆಗೆ ಜಾಗವಲ್ಲ. ಚಳಿಗಾಲದ ರಾತ್ರಿ ಇಲ್ಲಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ತಣ್ಣನೆಯ ಗಾಳಿ ಭಾರವಾದ್ದರಿಂದ ಹಳ್ಳದ ತಗ್ಗಿಗೆ ಹರಿದು ನಿಲ್ಲುತ್ತದೆ. ಡೇರೆ ತುಸು ದಿಬ್ಬದ ಮೇಲಿದ್ದರೆ ಹೊದಿಕೆ ಒಂದು ಕಡಿಮೆ ಸಾಕು. ಸಂಜೆ ಡೇರೆ ಎದ್ದು ನಿಲ್ಲಲು ಇಪ್ಪತ್ತು ನಿಮಿಷ ಹಿಡಿಯಿತು. ಹಿಂದಿನ ವರ್ಷ ಮಂಚ ಜೋಡಿಸುವುದರಲ್ಲೇ ಕತ್ತಲಾಗಿತ್ತು. ಉಳಿದ ಹೊತ್ತಿನಲ್ಲಿ ಗಣಿತದ ಮಾಸ್ತರಿಗೆ ಮೃಗಶಿರಾ, ಕೃತ್ತಿಕೆಗಳನ್ನು ತೋರಿಸಿದೆ. ಅಮಾವಾಸ್ಯೆಯ ಹಿಂದಿನ ರಾತ್ರಿಯ ಆಕಾಶ ಅದಕ್ಕೆಂದೇ ಕಪ್ಪಾಗಿತ್ತು.

ಬೆಳಿಗ್ಗೆ ಕಮಲನಗರದ ಮೇಲೆ ಹಾದು ಭಾಲ್ಕಿಗೆ ಬಂದೆವು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಮಠಕ್ಕೆ ಕೈಮುಗಿದು, ಕಾಕಾ ಅವರ ಹೊಲ ಸೇರಿದಾಗ ಪೂಜೆಯ ಹೊತ್ತು. ಅದೇ ಬದು ಎದುರಾಯಿತು. ಈ ಸಲ ಓರೆಯಾಗಿ ಹೋಗದೆ, ಒಬ್ಬರು ಇಳಿದು ಮುಂದೆ ನಿಂತು ದಾರಿ ತೋರಿ, ನೇರವಾಗಿ ಹತ್ತಿಸಿ ಇಳಿಸಿದೆವು.

ಕಾಕಾ ಮತ್ತೆ ಗಾಡಿಯ ಸುತ್ತ ಒಂದು ಸುತ್ತು ಬಂದರು. ಬೋಳಾದ ಛಾವಣಿಯ ಮೇಲೆ ಕೈಯಿಟ್ಟು, ಹಿಂದಿನಿಂದ ಒಳಗೆ ಬಗ್ಗಿ ನೋಡಿ, "ಈಗ ಬಂಡಿ ಆತ್ ನೋಡ್ರಿ" ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರುಗಳಿಂದಲೂ ಇಂಥ ಷರಾ ನನಗೆ ಸಿಕ್ಕಿರಲಿಲ್ಲ.

ಹೊರಡುವಾಗ ಅವರ ಮನೆಯವರು ಒಂದು ಚೀಲ ಹಸಿ ಕಡಲೆಗಿಡ, ಕಟ್ಟು ರೊಟ್ಟಿ, ಒಂದು ಕುಂಬಳಕಾಯಿ ತಂದಿಟ್ಟರು. ಬೇಡವೆನ್ನುವ ಹಾಗಿರಲಿಲ್ಲ. ಕುಂಬಳಕಾಯಿಯನ್ನು ಕಾಕಾ ಅವರೇ ಎತ್ತಿ, ಎರಡು ಅಚ್ಚುಗಳ ನಡುವೆ, ನೀರಿನ ಖಾಲಿ ಕ್ಯಾನುಗಳ ಸಂದಿಯಲ್ಲಿ, ಅಲುಗದಂತೆ ಕೂಡಿಸಿದರು.