ಚಾವಣಿಗೂ ಋತು ಗೊತ್ತಿರಬೇಕು

ದೆಹಲಿಯಲ್ಲಿ ಮೇಲಿನ ಮಹಡಿಯ ಮನೆಗೆ ಬಾಡಿಗೆ ಕಡಿಮೆ. ಏಕೆಂದು ಮೇ ತಿಂಗಳಲ್ಲಿ ತಿಳಿಯುತ್ತದೆ. 45 ಡಿಗ್ರಿ ಬಿಸಿಲಲ್ಲಿ ಇಡೀ ದಿನ ಕಾದ ಕಾಂಕ್ರೀಟ್ ಸ್ಲ್ಯಾಬು, ಹೊತ್ತು ಮುಳುಗಿದ ಮೇಲೆ ಆ ಬಿಸಿಯನ್ನು ನಮ್ಮ ಹಾಸಿಗೆಯ ಮೇಲೆ ಇಳಿಸುತ್ತದೆ. ಜನವರಿಯ ರಾತ್ರಿ 5 ಡಿಗ್ರಿಗೆ ಇಳಿದಾಗ ಅದೇ ಸ್ಲ್ಯಾಬು ಹೀಟರಿನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಎಸಿ ಬಿಲ್ಲು, ಚಳಿಗಾಲದಲ್ಲಿ ಹೀಟರ್ ಬಿಲ್ಲು. ಎರಡಕ್ಕೂ ಒಂದೇ ಚಾವಣಿ ಕಾರಣ.

ಬಿಳಿ ಬಣ್ಣ ಬಳಿಯುವುದು ಸುಲಭದ ಪರಿಹಾರ. ತೆಲಂಗಾಣ 2023ರಲ್ಲಿ ಇದಕ್ಕೆಂದೇ 'ಕೂಲ್ ರೂಫ್' ನೀತಿ ತಂದು, 2028ರೊಳಗೆ 300 ಚದರ ಕಿಲೋಮೀಟರ್ ಚಾವಣಿಯನ್ನು ತಂಪಾಗಿಸುವ ಗುರಿ ಇಟ್ಟುಕೊಂಡಿತು. ಚಳಿ ಅಷ್ಟಾಗಿ ಇಲ್ಲದ ಹೈದರಾಬಾದಿಗೆ ಅದು ಒಪ್ಪುತ್ತದೆ. ದೆಹಲಿಯಲ್ಲೂ ವರ್ಷದ ಲೆಕ್ಕದಲ್ಲಿ ಲಾಭವೇ. ಆದರೆ ಜನವರಿಯ ಎಳೆಬಿಸಿಲನ್ನೂ ಅದು ಹಿಂದಕ್ಕೆ ಕಳಿಸುತ್ತದೆ. ದಪ್ಪ ಫೋಮ್ ಹಾಸಿದರೆ ಹಗಲಿನ ಬಿಸಿ ಒಳಗೆ ಬರುವುದು ಕಡಿಮೆಯಾಗುತ್ತದೆ, ನಿಜ. ಆದರೆ ರಾತ್ರಿ ಹೊರಗೆ ತಣ್ಣಗಾದಾಗ ಒಲೆ, ಫ್ರಿಜ್ಜು, ಮನುಷ್ಯರ ಮೈಬಿಸಿಯೂ ಒಳಗೇ ಉಳಿಯುತ್ತದೆ. ನಮಗೆ ಬೇಕಾದದ್ದು ಹೊತ್ತಿಗೂ ಋತುವಿಗೂ ತಕ್ಕಂತೆ ಬದಲಾಗುವ ಹೊದಿಕೆ.

ಪ್ರಯೋಗಾಲಯದಲ್ಲಿ ಅಂಥದ್ದು ಆಗಿದೆ. 2021ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ವನೇಡಿಯಂ ಡೈಆಕ್ಸೈಡ್ ಬಳಸಿದ ಲೇಪನವೊಂದನ್ನು ವಿವರಿಸಿದರು. ಈ ವಸ್ತು ಸುಮಾರು 68 ಡಿಗ್ರಿಯಲ್ಲಿ ಗುಣ ಬದಲಿಸುತ್ತದೆ. ಸ್ವಲ್ಪ ಟಂಗ್‌ಸ್ಟನ್ ಬೆರೆಸಿ ಆ ಗಡಿಯನ್ನು ನಾವು ಬದುಕುವ ಉಷ್ಣತೆಗೆ ಇಳಿಸಿದರು. 30 ಡಿಗ್ರಿ ದಾಟಿದರೆ ಲೇಪನ ಶಾಖವನ್ನು ಅವಕೆಂಪು ಕಿರಣಗಳಾಗಿ ಧಾರಾಳವಾಗಿ ಹೊರಸೂಸುತ್ತದೆ. 15ಕ್ಕಿಂತ ಕೆಳಗಿಳಿದರೆ ಜಿಪುಣನಂತೆ ಹಿಡಿದಿಡುತ್ತದೆ. ಕರೆಂಟೂ ಬೇಡ, ಸ್ವಿಚ್ಚೂ ಬೇಡ.

ವಿಜಯಪುರದ ನಮ್ಮ ಹಳೆಯ ಮನೆಯಲ್ಲಿ ಈ ಕೆಲಸವನ್ನು ಜನರೇ ಮಾಡುತ್ತಿದ್ದರು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಮೇಲೊಂದು ಗವಾಕ್ಷಿ. ಬಿಸಿಲೇರುವ ಮೊದಲು ಅವ್ವ ಕಿಟಕಿಗಳನ್ನು ಮುಚ್ಚುವಳು, ಸಂಜೆ ಎಲ್ಲ ತೆರೆಯುವಳು. ಬೇಸಿಗೆಯ ರಾತ್ರಿ ನಾವು ಮಾಳಿಗೆ ಮೇಲೆ ಮಲಗುತ್ತಿದ್ದೆವು. ಒಮ್ಮೆ ಮೇ ತಿಂಗಳಲ್ಲಿ ದೆಹಲಿಗೆ ಬಂದವಳು ಚಾವಣಿ ನೋಡುತ್ತ, "ಒಂದು ಗವಾಕ್ಷಿನೂ ಇಲ್ಲ. ಬಿಸಿ ಎಲ್ಲಿಗೆ ಹೋಗಬೇಕೋ ತಮ್ಮಾ?" ಎಂದಳು. ಈಗ ಅವಳಿಗೆ 74. ಮೊಮ್ಮಕ್ಕಳಿಗೆ ರಜೆ ಬೇಸಿಗೆಯಲ್ಲಿ. ಅವಳು ಬರಬಹುದಾದದ್ದು ನವೆಂಬರಿನಲ್ಲಿ.

ಹೊಸ ಲೇಪನ ಅಂಗಡಿಗೆ ಬಂದರೂ ನನ್ನಂಥವರ ತಲೆಯ ಮೇಲೆ ಬರುವುದು ಸುಲಭವಲ್ಲ. ಚಾವಣಿ ಮಾಲೀಕರದು, ಕರೆಂಟ್ ಬಿಲ್ಲು ಬಾಡಿಗೆದಾರನದು. ಖರ್ಚು ಮಾಡಬೇಕಾದವರಿಗೆ ಉಳಿತಾಯ ಸಿಗುವುದಿಲ್ಲ. ಉಳಿತಾಯ ಬೇಕಾದವನು ಹನ್ನೊಂದು ತಿಂಗಳ ಕರಾರಿನ ಮೇಲೆ ಕೂತಿದ್ದಾನೆ. 2018ರ ಇಕೋ ನಿವಾಸ ಸಂಹಿತೆ ಚಾವಣಿಯಿಂದ ಎಷ್ಟು ಶಾಖ ಇಳಿಯಬಹುದು ಎಂದು ಮಿತಿ ಹಾಕಿದೆ, ಆದರೆ ಅದು ಹೊಸದಾಗಿ ಕಟ್ಟುವ ಮನೆಗಳಿಗೆ. ಹಾಗಾಗಿ ನಾವೆಲ್ಲ ಇನ್ನೊಂದು ಎಸಿ ಹಾಕಿಸುತ್ತೇವೆ; ಅದರ ಬಿಸಿಗಾಳಿ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟ್ ಮುಟ್ಟಿತು.

ಕಳೆದ ವರ್ಷ ಮಾಲೀಕರ ಜೊತೆ ಕೂತು ಒಂದು ಒಪ್ಪಂದಕ್ಕೆ ಬಂದೆ. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸುವ ಖರ್ಚು ಅವರದು, ನರ್ಸರಿಗಳಲ್ಲಿ ಕಟ್ಟುವ ಹಸಿರು ನೆರಳು ಪರದೆ ನನ್ನದು. ಏಪ್ರಿಲಿನಲ್ಲಿ ಕಟ್ಟುವುದು, ಅಕ್ಟೋಬರಿನಲ್ಲಿ ಬಿಚ್ಚುವುದು. ಧೂಳಿನ ಬಿರುಗಾಳಿಗೆ ಎರಡು ಸಲ ಹರಿಯಿತು, ಎರಡು ಸಲ ಹೊಲಿದೆವು. ರಾತ್ರಿಯ ಸೆಕೆ ಪೂರ್ತಿ ಹೋಗಿಲ್ಲ. ಆದರೆ ಎಸಿಯನ್ನು ಹನ್ನೊಂದಕ್ಕೇ ಆರಿಸಿ ಫ್ಯಾನಿನಲ್ಲಿ ಮಲಗಬಹುದು. ವನೇಡಿಯಂ ಬರುವವರೆಗೆ ಈ ಪರದೆಯೇ ನಮ್ಮ ಋತು ಬಲ್ಲ ಹೊದಿಕೆ.

ಊರು ಬಿಟ್ಟು ಬಂದು ಬಾಡಿಗೆ ಮನೆ ಹುಡುಕುವವರಿಗೆ ಒಂದು ಮಾತು: ನಲ್ಲಿ ತಿರುಗಿಸಿ ನೋಡುವಂತೆ ತಾರಸಿಯನ್ನೂ ಹತ್ತಿ ನೋಡಿ. ಕರಾರಿಗೆ ಸಹಿ ಹಾಕುವ ಮೊದಲೇ ನೆರಳಿನ ಮಾತು ಮುಗಿಸಿಬಿಡಿ.