ಬೀಗ ಹಾಕಿದ ಮನೆಯ ಊಟದ ಲೆಕ್ಕ



ನಿಮ್ಮ ಕಾಗದ ಬಂತು. ದೊಡ್ಡಬಳ್ಳಾಪುರದ ಕಡೆಯ ನಿಮ್ಮೂರಿಗೆ ಆಹಾರ, ಪೌಷ್ಟಿಕತೆಯ ಸಮೀಕ್ಷೆಯವರು ಬಂದಿದ್ದರು. ಕೇರಿಯ ಕೊನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಮನೆ ಬಿಟ್ಟು ಟ್ರ್ಯಾಕ್ಟರ್ ಇರುವವರ ಮನೆಗೆ ಹೋಗಿ ಮಕ್ಕಳನ್ನು ತೂಗಿದರು ಎಂದು ನೊಂದು ಬರೆದಿದ್ದೀರಿ. ‘ನಮ್ಮನ್ನ ಕೇಳಿದ್ದರೆ ಹಸಿದ ಮನೆ ಯಾವುದು ಅಂತ ನಾವೇ ತೋರಿಸ್ತಿರಲಿಲ್ವಾ?’ ಎಂದೂ ಕೇಳಿದ್ದೀರಿ. ತೋರಿಸುತ್ತಿದ್ದಿರಿ, ನನಗೆ ಗೊತ್ತು. ಆದರೂ ಅವರು ಕೇಳದೆ ಇದ್ದದ್ದೇ ಸರಿ ಅನ್ನುತ್ತೇನೆ.

ನಿಮ್ಮನ್ನು ಕೇಳಿದರೆ ಅಜ್ಜಿಯ ಮನೆ ತೋರಿಸುತ್ತೀರಿ. ಇನ್ನೊಬ್ಬರನ್ನು ಕೇಳಿದರೆ ಊರಿನ ಮರ್ಯಾದೆ ಕಾಯುವ ಮನೆ ತೋರಿಸುತ್ತಾರೆ. ಎರಡರಿಂದಲೂ ಊರಿನಲ್ಲಿ ಎಷ್ಟು ಜನ ಅರೆಹೊಟ್ಟೆಯಲ್ಲಿದ್ದಾರೆ ಎಂಬುದು ತಿಳಿಯುವುದಿಲ್ಲ. ಅಜ್ಜಿಗೆ ನೆರವಾಗಬೇಕಾದ್ದು ಪಂಚಾಯಿತಿ, ನ್ಯಾಯಬೆಲೆ ಅಂಗಡಿ ಮತ್ತು ನೀವು. ಸಮೀಕ್ಷೆಯ ಕೆಲಸ ಬೇರೆ: ಜಿಲ್ಲೆಯ ಎಲ್ಲ ಮನೆಗಳ ಪರವಾಗಿ ಮಾತಾಡಬಲ್ಲ ಕೆಲವು ಮನೆಗಳನ್ನು, ಯಾರ ಮುಖವನ್ನೂ ನೋಡದೆ ಹುಡುಕುವುದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅದರ ಹೊಣೆ ಹೊತ್ತಿದೆ. 2019–21ರ ಐದನೆಯ ಸುತ್ತಿನಲ್ಲಿ 707 ಜಿಲ್ಲೆಗಳಿಂದ 6,36,699 ಮನೆಗಳನ್ನು ಮಾತಾಡಿಸಿದರು. ಅಂದರೆ ಸರಾಸರಿ ಜಿಲ್ಲೆಗೆ ಸುಮಾರು 900 ಮನೆ. ದೊಡ್ಡಬಳ್ಳಾಪುರ ಸೇರಿದ ನಮ್ಮ ಜಿಲ್ಲೆಯ ಜನಸಂಖ್ಯೆಯೋ 2011ರಲ್ಲೇ 9.9 ಲಕ್ಷ. ಇಷ್ಟು ಕಡಿಮೆ ಮನೆಗಳಿಂದ ಅಷ್ಟು ಜನರ ಮಾತು ಹೇಳಬೇಕಾದರೆ ಆರಿಸುವ ರೀತಿಯಲ್ಲೇ ಎಲ್ಲ ಅಡಗಿದೆ.

ಮೊದಲು ಹಳ್ಳಿಗಳ ಸರದಿ. ಹಳ್ಳಿಗಳನ್ನು ಗಾತ್ರದ ಮೇಲೆ, ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು ಪಾಲು ಇದ್ದಾರೆ ಎಂಬುದರ ಮೇಲೆ ಗುಂಪು ಮಾಡಿ, ಹೆಣ್ಣುಮಕ್ಕಳ ಸಾಕ್ಷರತೆಯ ಪ್ರಕಾರ ಸಾಲಿಗಿಟ್ಟು ಆಮೇಲೆ ಆರಿಸುತ್ತಾರೆ. ಹೀಗಾಗಿ ದಲಿತ ಕೇರಿಗಳು ದೊಡ್ಡದಾಗಿರುವ ಊರುಗಳು ಅದೃಷ್ಟದಾಟದಲ್ಲಿ ಪೂರ್ತಿ ಕೈತಪ್ಪಿಹೋಗುವುದಿಲ್ಲ. 300 ಮನೆಯ ಊರು ಆಯ್ಕೆಯಾಗುವ ಸಾಧ್ಯತೆ 100 ಮನೆಯ ಊರಿಗಿಂತ ಮೂರು ಪಟ್ಟು. ಆದರೆ ಯಾವ ಊರಾದರೂ ಮಾತಾಡಿಸುವುದು 22 ಮನೆಗಳನ್ನೇ. ದೊಡ್ಡೂರಿನೊಳಗೆ ಒಂದೊಂದು ಮನೆಯ ಪಾಲಿಗೆ ಬರುವ ಅವಕಾಶ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಏರಿದ್ದು, ಇನ್ನೊಂದು ಇಳಿದದ್ದು ಸರಿಹೋಗಿ ಕೊನೆಗೆ ಎರಡೂರಿನ ಮನೆಗಳಿಗೂ ಹೆಚ್ಚುಕಡಿಮೆ ಒಂದೇ ಅವಕಾಶ. ಈ ಲೆಕ್ಕದ ನ್ಯಾಯ ನನಗೆ ತುಂಬ ಇಷ್ಟ.

ಆಮೇಲೆ ಊರೊಳಗೆ ನಡಿಗೆ. ಒಂದು ತಂಡ ಮೊದಲೇ ಬಂದು ಬೀದಿ ಬೀದಿ ಸುತ್ತಿ ನಕ್ಷೆ ಬರೆದು ಮನೆಗಳ ಪಟ್ಟಿ ಮಾಡುತ್ತದೆ. 220 ಮನೆಗಳಿದ್ದರೆ ಹತ್ತಕ್ಕೊಂದು. ಶುರುವಿನ ಸಂಖ್ಯೆ ಚೀಟಿ ಎತ್ತಿದ ಹಾಗೆ ಬರುತ್ತದೆ. ಅದು 7 ಆದರೆ 7, 17, 27, ಹೀಗೆ 217ರ ತನಕ. ಟ್ರ್ಯಾಕ್ಟರ್ ಮನೆ 17 ಆಗಿ ಅಜ್ಜಿಯ ಮನೆ 18 ಆಗಿದ್ದರೆ ಅದರಲ್ಲಿ ಯಾರ ಪಕ್ಷಪಾತವೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಕಷ್ಟವಿರುವುದು ಹಳ್ಳಿಗಳ, ಮನೆಗಳ ಈ ಪಟ್ಟಿಗಳಲ್ಲೇ. ಹಳ್ಳಿ ಆರಿಸಲು ಆಧಾರ 2011ರ ಜನಗಣತಿ. ಮುಂದಿನ ಗಣತಿ 2027ಕ್ಕೆ. ನಡುವೆ ಏನೇನಾಯಿತು ನೋಡಿ. ವಿಮಾನ ನಿಲ್ದಾಣ 2008ರಲ್ಲೇ ಬಂದಿತ್ತು; ದೇವನಹಳ್ಳಿಯ ದ್ರಾಕ್ಷಿ ತೋಟಗಳು ಸೈಟುಗಳಾಗುತ್ತಲೇ ಹೋದವು. ನೆಲಮಂಗಲದ ಹೆದ್ದಾರಿಯುದ್ದಕ್ಕೂ ಗೋದಾಮುಗಳು, ಹೊಸಕೋಟೆಯಲ್ಲಿ ಕಾರ್ಖಾನೆಗಳು, ನಿಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಜೊತೆಗೆ ಗಾರ್ಮೆಂಟ್ಸು. ಕೆಲಸಕ್ಕೆ ಬಂದವರು ಒಂದೊಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ರಾಯಚೂರಿನಿಂದ ಬಂದವರಿದ್ದಾರೆ, ಒಡಿಶಾ, ಬಿಹಾರದವರೂ ಇದ್ದಾರೆ. ಎಷ್ಟೋ ಜನರ ರೇಷನ್ ಕಾರ್ಡು ಊರಲ್ಲೇ ಉಳಿದಿದೆ. ಪಂಚಾಯಿತಿಯ ಮನೆಗಂದಾಯದ ಪುಸ್ತಕ ನೋಡಿ ಪಟ್ಟಿ ಬರೆದಿದ್ದರೆ ಇವರಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ. ಕಾಲ್ನಡಿಗೆಯ ಪಟ್ಟಿ ಬೇಕಾಗಿರುವುದು ಅದಕ್ಕೇ. ಅಲ್ಲಿ ಮನೆಯೆಂದರೆ ಒಟ್ಟಿಗೆ ಇದ್ದು ಒಂದೇ ಒಲೆಯ ಅಡುಗೆ ಉಣ್ಣುವವರು. ಅಣ್ಣತಮ್ಮಂದಿರು ಒಂದೇ ಸೂರಿನಡಿ ಬೇರೆ ಒಲೆ ಹೂಡಿದ್ದರೆ ಎರಡು ಮನೆ. ಒಂದು ಶೆಡ್ಡಿನಲ್ಲಿ ಮೂವರು ಕೂಡಿ ಬೇಯಿಸಿಕೊಂಡರೆ ಅದೂ ಒಂದು ಮನೆ.

ಈಗ ಬೀಗದ ವಿಷಯ. ಆಯ್ಕೆಯಾದ ಮನೆಗೆ ಬೀಗ ಬಿದ್ದಿದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ. ಮತ್ತೆ ಬರಬೇಕು, ಮತ್ತೂ ಬರಬೇಕು. ಹಗಲು ಹೊತ್ತು ಬಾಗಿಲು ತೆರೆದಿರುವುದು ಯಾರ ಮನೆ, ಹೇಳಿ? ದುಡಿಯದಿದ್ದರೂ ನಡೆಯುವ ಮನೆ. ಗಂಡಹೆಂಡತಿ ಇಬ್ಬರೂ ಇಟ್ಟಿಗೆ ಗೂಡಿಗೋ ಗಾರ್ಮೆಂಟ್ಸಿನ ಬಸ್ಸಿಗೋ ಹೋದ ಮನೆಗೆ ಬೀಗ. ಒಂದೊಂದು ಬೀಗದ ಬದಲು ಒಂದೊಂದು ತೆರೆದ ಬಾಗಿಲು ಹಿಡಿಯುತ್ತ ಹೋದರೆ ಜಿಲ್ಲೆಯ ಮಕ್ಕಳೆಲ್ಲ ಕಾಗದದ ಮೇಲೆ ದಷ್ಟಪುಷ್ಟರಾಗಿಬಿಡುತ್ತಾರೆ. ಅದೇ ಐದನೆಯ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು ಗೊತ್ತಾಯಿತು. ಆರು ತಿಂಗಳಿಂದ ಐದು ವರ್ಷದ ಮಕ್ಕಳ ರಕ್ತಹೀನತೆ ಹಿಂದಿನ ಸುತ್ತಿನ ಶೇ. 60.9ರಿಂದ 65.5ಕ್ಕೆ ಏರಿತ್ತು. ಇಂಥ ಕಹಿ ಅಂಕಿಗಳು ಹೊರಬೀಳುವುದು ಬೀಗ ತೆಗೆಯುವ ತನಕ ಕಾಯುವವರಿಂದ.

ಎಷ್ಟು ಜನರನ್ನು ಕೇಳಿದರು ಎಂಬ ಜಗಳವೂ ಉಂಟು. 2022ರಲ್ಲಿ ಜಾಗತಿಕ ಹಸಿವಿನ ಸೂಚ್ಯಂಕ ಬಂದಾಗ, ಆಹಾರದ ಕೊರತೆ ಕುರಿತ ಎಂಟು ಪ್ರಶ್ನೆಗಳನ್ನು ದೇಶದಲ್ಲಿ 3,000 ಜನರಿಗಷ್ಟೇ ಕೇಳಲಾಗಿದೆ ಎಂದು ಕೇಂದ್ರ ಸರ್ಕಾರ ಆಕ್ಷೇಪಿಸಿತು. ಸಂಖ್ಯೆಗಿಂತ ನನಗೆ ಮುಖ್ಯ ಅನಿಸುವುದು ಆ ಜನರನ್ನು ಹೇಗೆ ಆರಿಸಿದರು, ಯಾರ ಎದುರು ಕೇಳಿದರು ಎಂಬುದು. ‘ದುಡ್ಡಿಲ್ಲದೆ ಒಂದು ಹೊತ್ತು ಊಟ ಬಿಟ್ಟದ್ದುಂಟಾ?’ ಎಂದು ಅತ್ತೆಯ ಮುಂದೆ ಕೇಳಿದರೆ ಯಾವ ಸೊಸೆ ಹೌದು ಅಂದಾಳು?

ಆದ್ದರಿಂದ ಇನ್ನೊಮ್ಮೆ ಸಮೀಕ್ಷೆಯವರು ಬಂದರೆ ಬೇರೆ ಮನೆ ತೋರಿಸಬೇಡಿ. ಪಟ್ಟಿ ಮಾಡುವವರಿಗೆ ತೋಟದೊಳಗಿನ ಶೆಡ್ಡು, ಮಹಡಿ ಹಿಂದಿನ ಬಾಡಿಗೆ ಕೋಣೆ ತೋರಿಸಿ. ಬೀಗ ಹಾಕಿದ ಮನೆಯ ಹೆಂಗಸಿನ ಶಿಫ್ಟು ಎಷ್ಟು ಹೊತ್ತಿಗೆ ಬಿಡುತ್ತದೆ, ವಾರದ ರಜೆ ಯಾವತ್ತು ಎಂದು ತಿಳಿಸಿ. ಒಳಗೆ ಮಾತು ಶುರುವಾದ ಮೇಲೆ ಅಕ್ಕಪಕ್ಕದವರು ಬಾಗಿಲಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳಿ. ಅಜ್ಜಿಯ ಹೆಸರು ಪಡಿತರದ ಪಟ್ಟಿಯಲ್ಲಿ ಇದೆಯೋ ಇಲ್ಲವೋ ವಿಚಾರಿಸಿ ನನಗೂ ಬರೆಯಿರಿ.

ಪ್ರೀತಿಯಿಂದ,
ನಿಮ್ಮ ಗೆಳೆಯ