ಮಾಲ್ಗುಡಿಯ ದಾರಿಯಲ್ಲಿ ಎರಡು ಕಪ್ಪೆ

ಹಗರೆಯಲ್ಲಿ ವಾಸವಿರುವವರಿಗೆ ದಾರಿ ಹೇಳುವುದು ಸಂಬಳವಿಲ್ಲದ ಉಪಕಸುಬು. ಹಾಸನದ ರಸ್ತೆ ನಮ್ಮೂರಲ್ಲಿ ಕವಲೊಡೆಯುತ್ತದೆ. ನೆಟ್ಟಗೆ ಹೋದರೆ ಬೇಲೂರು, ಬಲಕ್ಕೆ ತಿರುಗಿದರೆ ಹಳೇಬೀಡು. ಕಾರಿನ ಗಾಜು ಅರ್ಧ ಇಳಿಸಿ, ಹೆಸರಿಗೊಂದು ‘ಅಣ್ಣಾ’ ಸೇರಿಸಿ ಕೇಳುತ್ತಾರೆ. ನಾವು ಕೈ ತೋರಿಸುತ್ತೇವೆ. ಹಿಂದೆಲ್ಲ ಕೇಳುತ್ತಿದ್ದದ್ದು ದೇವಸ್ಥಾನದ ದಾರಿ. ‘ಮುಂಗಾರು ಮಳೆ’ 2006ರ ಕೊನೆಯಲ್ಲಿ ತೆರೆಗೆ ಬಂದದ್ದೇ ತಡ, ಅದನ್ನು ತೆಗೆದ ಜಾಗ ಎಲ್ಲಿ ಎಂದು ಕೇಳುವವರೂ ಹುಟ್ಟಿಕೊಂಡರು. ಸಕಲೇಶಪುರದ ಕಡೆ ಎಂದರೆ ಸಾಲದು. ಯಾವ ಗುಡ್ಡ, ಯಾವ ತಿರುವು, ಗಣೇಶ್ ನೆನೆದದ್ದು ಎಷ್ಟು ದೂರದಲ್ಲಿ ಎಂಬುದೂ ಬೇಕು. ಮಲೆನಾಡಿನಲ್ಲಿ ಮಳೆಯಲ್ಲಿ ನೆನೆಯಲು ವಿಳಾಸ ಬೇಕೆ?

ನನ್ನ ಭಾವಮೈದನನ್ನು ಕೇಳಿದರೆ ಬೇಕು ಎನ್ನುತ್ತಾನೆ. ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದವನು ನಾಪಾ ಕಣಿವೆಯ ದ್ರಾಕ್ಷಿ ಸೀಮೆ ಸುತ್ತಿ ಬಂದ. 1981ರಿಂದ 1990ರವರೆಗೆ ಅಮೆರಿಕದ ಟಿವಿಯಲ್ಲಿ ‘ಫಾಲ್ಕನ್ ಕ್ರೆಸ್ಟ್’ ಎಂಬ ಧಾರಾವಾಹಿ ಬರುತ್ತಿತ್ತಂತೆ. ವೈನ್ ತೋಟದ ಯಜಮಾನಿಕೆಗಾಗಿ ಒಂದು ಮನೆತನ ವರ್ಷಗಟ್ಟಲೆ ಕಿತ್ತಾಡುವ ಕತೆ. ಅದರಲ್ಲಿ ಕಾಣುವ ಬಂಗಲೆ ಅಲ್ಲಿನ ಸೇಂಟ್ ಹೆಲೆನಾ ಊರಿನ ‘ಸ್ಪ್ರಿಂಗ್ ಮೌಂಟನ್’ ಎಂಬ ನಿಜವಾದ ದ್ರಾಕ್ಷಿ ತೋಟದ್ದು.

“ಭಾವ, ಜಗಳ ಆಡಿದ ಮನೇನ ನೋಡೋಕೇ ಜನ ಹೋಗ್ತಾರೆ ಅಂದ್ರೆ!” ಎಂದ.

“ಅಷ್ಟಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇನೋ? ಇಲ್ಲಿ ತೋಟ ಪಾಲಾಗುವಾಗ ಬಂದಿದ್ದರೆ ಪುಕ್ಕಟೆ ನೋಡಬಹುದಾಗಿತ್ತು” ಎಂದೆ.

ನನ್ನವಳು ಒಳಗಿಂದಲೇ, “ರೀ, ನಿಮ್ಮನೆ ಪಾಲಿನ ಕತೆ ಶುರು ಮಾಡ್ಬೇಡಿ, ಅದಕ್ಕೂ ಒಂಬತ್ತು ವರ್ಷ ಹಿಡಿಯುತ್ತೆ” ಎಂದಳು.

ಹೀಗೆ ಮಾತಿಗೆ ಮಾತು ಬೆಳೆದು, ನಮ್ಮದೇ ಒಂದು ಧಾರಾವಾಹಿಯ ಜಾಗ ನೋಡಿಬರೋಣ ಎಂದು ಮಾಲ್ಗುಡಿಗೆ ಹೊರಟೆವು. ಶಂಕರ್ ನಾಗ್ ಆಗುಂಬೆಯಲ್ಲಿ ಕಟ್ಟಿದ ಮಾಲ್ಗುಡಿಗೆ.

ಹೊರಟದ್ದು ಆಗುಂಬೆಗಾದರೂ ಮೊದಲ ಬ್ರೇಕು ಬಿದ್ದದ್ದು ಬೇಲೂರಲ್ಲಿ. ಚಿತ್ರೀಕರಣದ ಜಾಗ ಎಂದ ಮೇಲೆ ಅದನ್ನು ಬಿಡುವಂತಿಲ್ಲ. 1964ರ ‘ಅಮರಶಿಲ್ಪಿ ಜಕಣಾಚಾರಿ’, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಈ ಕಲ್ಲುಗಳ ಕತೆಯೇ. ಬಿ.ಎಸ್. ರಂಗಾ ನಿರ್ದೇಶನ, ಜಕಣನಾಗಿ ಕಲ್ಯಾಣ್ ಕುಮಾರ್. ಆದರೆ ಬೇಲೂರಿಗೆ ಜನ ಕತೆ ಹುಡುಕಿಕೊಂಡು ಬರುವುದನ್ನು ಕಲಿತದ್ದು ಸಿನಿಮಾದಿಂದಲ್ಲ. ಕಪ್ಪೆ ಚನ್ನಿಗರಾಯನ ಮುಂದೆ ಒಂದು ಗಳಿಗೆ ನಿಂತರೆ ಗೊತ್ತಾಗುತ್ತದೆ. ಜಕಣನ ಮಗ ಡಂಕಣ ಕಲ್ಲಿನಲ್ಲಿ ದೋಷವಿದೆ ಎಂದ, ಗಂಧ ಬಳಿದರು, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ, ಉಳಿ ಇಟ್ಟರೆ ನೀರು, ಮರಳು, ಕಪ್ಪೆ ಹೊರಬಿತ್ತು, ಜಕಣ ತನ್ನ ಕೈಯನ್ನೇ ಕಡಿದುಕೊಂಡ. ನಮಗೆಲ್ಲ ಬಾಯಿಪಾಠ. ಕೇಳಿದವರು ಮರುಕ್ಷಣ ವಿಗ್ರಹದ ಹೊಕ್ಕುಳ ನೋಡುತ್ತಾರೆ. ಇಡೀ ದೇವಸ್ಥಾನದಲ್ಲಿ ಅಷ್ಟು ಶ್ರದ್ಧೆಯಿಂದ ಅವರು ನೋಡುವುದು ಅದೊಂದನ್ನೇ.

ಶಾಸನ ಓದಿದವರು ಬೇರೆ ಹೆಸರು ಹೇಳುತ್ತಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯ ಕಲ್ಲಿನ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ತಾವೇ ಕೊರೆದಿಟ್ಟು ಹೋಗಿದ್ದಾರೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದ ಮೇಲಾದರೂ ದಾಸೋಜನ ಹೆಸರು ನಾಲ್ಕು ಜನರ ಬಾಯಿಗೆ ಬರಬಹುದೆಂದು ನಾನು ಕಾದೆ. ಊಹೂಂ. ಸಹಿ ಹಾಕಿದವನನ್ನು ಕತೆಯಿಲ್ಲದವನು ಎಂಬ ಒಂದೇ ತಪ್ಪಿಗೆ ಕೈಬಿಟ್ಟೆವು. ಕಪ್ಪೆ ಇದ್ದವನು ಗೆದ್ದ.

ಬೇಲೂರು ದಾಟಿದರೆ ನಮ್ಮ ಆಲೂಗಡ್ಡೆ, ಮುಸುಕಿನ ಜೋಳದ ಬಯಲು ಮೆಲ್ಲಗೆ ಹಿಂದೆ ಸರಿದು ನೆರಳು ಹೆಚ್ಚುತ್ತದೆ. ಚಿಕ್ಕಮಗಳೂರು ಕಳೆದು ಆಲ್ದೂರಿನ ದಾರಿ ಹಿಡಿದರೆ ಪೂರ್ತಿ ಕಾಫಿ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಗಿಡ. ಭಾವಮೈದ ನಾಪಾದಲ್ಲಿ ತೋಟದೊಳಗೇ ಕೂರಿಸಿ ಬಗೆಬಗೆಯ ವೈನಿನ ರುಚಿ ತೋರಿಸುತ್ತಾರೆಂದು ಹೊಗಳತೊಡಗಿದ. ನಮ್ಮ ತೋಟಗಳ ಸಂಪ್ರದಾಯ ಬೇರೆ. ಒಳ್ಳೆಯ ಬೀಜ ರಫ್ತಿಗೆ, ಉಳಿದದ್ದು ಚಿಕೋರಿಯ ಜೊತೆ ಸಂಸಾರಕ್ಕೆ. ಬಾಳೆಹೊನ್ನೂರು ಬಂದಾಗ ಅವನಿಗೆ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಸುದ್ದಿ ಹೇಳಿದೆ. 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಶುರುವಾದ ಕೆಲಸ 1925ರಲ್ಲಿ ಇಲ್ಲಿ ನೆಲೆ ನಿಂತಿತು. ತುಕ್ಕು ರೋಗ ತಡೆಯುವ ತಳಿಗಾಗಿ ತಲೆಮಾರುಗಳೇ ತಲೆ ಕೆಡಿಸಿಕೊಂಡ ಜಾಗ. “ಇಲ್ಲಿ ಯಾವ ಸೀರಿಯಲ್ ತೆಗೆದಿದಾರೆ ಭಾವ?” ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ.

ಶೃಂಗೇರಿಯಲ್ಲಿ ಎರಡನೆಯ ಕಪ್ಪೆ. ತುಂಗೆಯ ಮೆಟ್ಟಿಲ ಬಳಿ ಕಪ್ಪೆ ಶಂಕರ. ಸುಡುಬಿಸಿಲಿನಲ್ಲಿ ಹೆರಿಗೆಯ ಸಂಕಟದಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯ ನೆರಳು ಹಿಡಿದದ್ದನ್ನು ಶಂಕರಾಚಾರ್ಯರು ಕಂಡು, ಹಗೆಗಳೇ ಹಗೆ ಮರೆತ ನೆಲ ಇದು ಎಂದು ಇಲ್ಲೇ ನಿಂತರೆಂಬುದು ಐತಿಹ್ಯ. ತಮಾಷೆಯೆಂದರೆ, ಈ ಕತೆ ಮಾಲ್ಗುಡಿಯಲ್ಲೂ ಇದೆ. ಆರ್.ಕೆ. ನಾರಾಯಣ್ ‘ಮಿಸ್ಟರ್ ಸಂಪತ್’ ಕಾದಂಬರಿಯಲ್ಲಿ ತಮ್ಮ ಊರಿಗೊಂದು ಪೂರ್ವಕತೆ ಕಟ್ಟುತ್ತಾರೆ. ರಾಮ ಬಾಣದಿಂದ ಗೀರಿದ ಗೆರೆಯಲ್ಲಿ ಸರಯೂ ಹುಟ್ಟಿತು. ಅದರ ದಡದಲ್ಲಿ ಶಂಕರರು ಹಾವಿನ ಹೆಡೆಯಡಿಯ ಕಪ್ಪೆಯನ್ನು ಕಂಡರು. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಿಂದ ಶುರುವಾದ ಊರು ಅದು, ಯಾವ ನಕ್ಷೆಯಲ್ಲೂ ಇಲ್ಲದ್ದು. ಅಂಥ ಊರಿಗೂ ಒಂದು ಸ್ಥಳಪುರಾಣ ಇಲ್ಲದಿದ್ದರೆ ಊರಾಗುವುದಿಲ್ಲ ಎಂಬುದು ಮೈಸೂರಿನಲ್ಲಿ ಬಾಳಿದ ಆ ಕತೆಗಾರರಿಗೆ ಚೆನ್ನಾಗಿ ಗೊತ್ತಿತ್ತು.

ಆಗುಂಬೆಯಲ್ಲಿ ಭಾವಮೈದನ ಪರೀಕ್ಷೆ ಶುರುವಾಯಿತು. ಮೊಬೈಲಿನಲ್ಲಿ ‘ಮಾಲ್ಗುಡಿ ಡೇಸ್’ನ ದೃಶ್ಯ ನಿಲ್ಲಿಸಿಕೊಂಡು, ಹೆಂಚಿನ ಮನೆಗಳನ್ನು ಒಂದೊಂದಾಗಿ ಹೊಂದಿಸಿ ನೋಡುತ್ತ ಬೀದಿಯುದ್ದಕ್ಕೂ ಹಿಮ್ಮುಖ ನಡೆದ. ಸ್ವಾಮಿಯ ಮನೆಯಾಗಿದ್ದದ್ದು ಇಲ್ಲಿನ ದೊಡ್ಡಮನೆ. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ. ಆಡುತ್ತಿದ್ದದ್ದು ಹಿಂದಿ, ಆದರೂ ದೂರದರ್ಶನದ ಮುಂದೆ ಕೂತ ನಮ್ಮ ಅಜ್ಜಿಯಂದಿರು ಇದು ನಮ್ಮ ಕಡೆಯ ಮನೆ ಎಂದು ಜಗಲಿ ನೋಡಿಯೇ ಹೇಳಿಬಿಡುತ್ತಿದ್ದರು. ತೆರೆಯ ಮೇಲೆ ಬಹುಪಾಲು ಬಿಸಿಲು. ಊರಿಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಭಾವಮೈದ ಹೊಂದಿಸಿದ ಕೋನಕ್ಕೆ ಮೋಡ ಅಡ್ಡ ಬಂತು. ಅಂಗಡಿಯವರೊಬ್ಬರು, “ಮಾಲ್ಗುಡಿ ಎಲ್ಲಿಗೂ ಹೋಗುದಿಲ್ಲ ಮಾರಾಯ್ರೇ, ಮಳೆ ಬಂತು, ಮೊದ್ಲು ಒಳಗೆ ಬನ್ನಿ” ಎಂದರು.

ಆ ಮಳೆ ನಿಲ್ಲುವವರೆಗೆ ಅವನಿಗೆ ಇನ್ನೊಂದು ಆಘಾತ ಕೊಟ್ಟೆ. ಮಾಲ್ಗುಡಿಯ ರೈಲು ನಿಲ್ದಾಣ ಈ ಊರಲ್ಲಿಲ್ಲ. ಆಗುಂಬೆಗೆ ರೈಲೇ ಇಲ್ಲ. ಅದು ತೀರ್ಥಹಳ್ಳಿಯನ್ನೂ ದಾಟಿ ಹೊಸನಗರ ತಾಲ್ಲೂಕಿನ ಅರಸಾಳು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಪುಟ್ಟ ನಿಲ್ದಾಣ. ಅದರ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರ ಕೈ ಅದರಲ್ಲೂ ಇದೆ. “ಹಂಗಾದ್ರೆ ರೈಲಿಳಿದ ಸ್ವಾಮಿ ಮನೆಗೆ ಬರೋಕೆ ಎರಡು ಬಸ್ಸು ಬದಲಾಯಿಸ್ಬೇಕಲ್ಲ ಭಾವ!” ಎಂದು ಸೊರಗಿದ.

ಇದರಲ್ಲಿ ಸೊರಗುವುದೇನಿದೆ? ನಮ್ಮವರು ಇದನ್ನು ಲಾಗಾಯ್ತಿನಿಂದ ಮಾಡುತ್ತ ಬಂದಿದ್ದಾರೆ. ಊರೂರಿಗೆ ಸೀತೆ ಮಿಂದ ಹೊಂಡ, ಭೀಮ ಎಸೆದ ಗುಂಡು, ಪಾಂಡವರು ಒಂದು ರಾತ್ರಿ ತಂಗಿದ ಗುಹೆ. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದರೆ ಪಾಂಡವರ ವನವಾಸ ಹನ್ನೆರಡು ವರ್ಷದಲ್ಲಿ ಮುಗಿಯುವ ಬಾಬತ್ತಲ್ಲ. ಆದರೂ ಯಾರೂ ಲೆಕ್ಕ ಕೇಳಿಲ್ಲ. ಕೇಳಿದ ಕತೆಗೆ ಕಾಲೂರಲು ಒಂದಿಷ್ಟು ನೆಲ ಬೇಕು, ಬರಿಯ ನೆಲಕ್ಕೆ ಮನುಷ್ಯರನ್ನು ಕರೆಯಲು ಒಂದು ಕತೆ ಬೇಕು. ಎರಡೂ ಸೇರಿದ ಕಡೆ ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಶಂಕರ್ ನಾಗ್ ಆಗುಂಬೆಗೆ ಬಿಟ್ಟುಹೋದದ್ದು ಧಾರಾವಾಹಿಯನ್ನಷ್ಟೇ ಅಲ್ಲ, ಹೊಸದೊಂದು ಸ್ಥಳಪುರಾಣವನ್ನು.

ಹಾಗಾಗಿ ಹೋಗುವವರು ಧಾರಾಳವಾಗಿ ಹೋಗಿ. ಕಂಬ, ಕಿಟಕಿ ಹೊಂದದಿದ್ದರೆ ಶಂಕರ್ ನಾಗ್ ಮೇಲೆ ಮುನಿಸಿಕೊಳ್ಳಬೇಡಿ, ಹೊಂದಿದರೆ ಊರೆಲ್ಲ ಕೂಗಬೇಡಿ. ಒಂದು ಮಾತ್ರ ನೆನಪಿರಲಿ: ಸ್ವಾಮಿ ಓಡಾಡಿದ ಬೀದಿಯ ಮನೆಗಳಲ್ಲಿ ಇವತ್ತೂ ಜನ ಉಣ್ಣುತ್ತಾರೆ, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುತ್ತಾರೆ. ಜಗಲಿ ಹತ್ತುವ ಮುಂಚೆ ಕೂಗಿ ಕೇಳಿ, ಚಪ್ಪಲಿ ಕೆಳಗೆ ಬಿಡಿ.